ಹಾಜರಿ ಪುಸ್ತಕದಲ್ಲಿ 58 ಸಹಿ, ಆದರೂ ಕೋರಂ ಇತ್ತೇ?

ಪ್ರಶ್ನೆ: ನಮ್ಮದು ಮೈಸೂರಿನ ಒಂದು ಬಡಾವಣೆಯ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ. 1998ರಲ್ಲಿ 84 ಸದಸ್ಯರು ಸೇರಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಾಯಿಸಿದ್ದು. ಈಗ ಸದಸ್ಯರ ಪುಸ್ತಕದಲ್ಲಿ 212 ಹೆಸರಿವೆ. ಅವರಲ್ಲಿ 9 ಜನ ತೀರಿಕೊಂಡಿದ್ದಾರೆ, 64 ಜನ ವರ್ಷಕ್ಕೂ ಮೇಲ್ಪಟ್ಟು ಚಂದಾ ಕಟ್ಟಿಲ್ಲ. ಬೈಲಾದಲ್ಲಿ ಹೀಗಿದೆ: ‘ಸರ್ವಸದಸ್ಯರ ಸಭೆಗೆ ಒಟ್ಟು ಸದಸ್ಯರ ಮೂರನೇ ಒಂದು ಭಾಗ ಅಥವಾ 50 ಸದಸ್ಯರು ಹಾಜರಿದ್ದಲ್ಲಿ ಕೋರಂ ಆಗತಕ್ಕದ್ದು. ಕೋರಂ ಇಲ್ಲದಿದ್ದಲ್ಲಿ ಸಭೆಯನ್ನು ಅರ್ಧ ಗಂಟೆ ಮುಂದೂಡಿ ಹಾಜರಿದ್ದ ಸದಸ್ಯರಿಂದಲೇ ನಡೆಸಬಹುದು.’ ಇನ್ನೊಂದು ಕಡೆ, ‘ಮೂರು ತಿಂಗಳಿಗೆ ಮೀರಿ ಚಂದಾ ಬಾಕಿ ಉಳಿಸಿಕೊಂಡ ಸದಸ್ಯರಿಗೆ ಮತದಾನದ ಹಕ್ಕಿರುವುದಿಲ್ಲ’ ಎಂದಿದೆ.

ಕಳೆದ ವಾರ್ಷಿಕ ಮಹಾಸಭೆಯಲ್ಲಿ 58 ಸಹಿ ಬಿದ್ದವು. ಅವುಗಳಲ್ಲಿ 7, ಬರಲಾಗದವರ ಅಧಿಕಾರ ಪತ್ರ ಹಿಡಿದು ಬೇರೆಯವರು ಹಾಕಿದ್ದು. ಖುದ್ದಾಗಿ ಬಂದ 51 ಜನರಲ್ಲಿ 6 ಮಂದಿ ಬಾಕಿದಾರರು. ಊಟಕ್ಕೆ ಮೊದಲು ಲೆಕ್ಕಪತ್ರ ಮತ್ತು ಚಂದಾ ಏರಿಕೆ ಮಂಜೂರಾಯಿತು. ಊಟದ ನಂತರ ಬೈಲಾ ತಿದ್ದುಪಡಿ ಮತ್ತು ಹೊಸ ಕಾರ್ಯಕಾರಿ ಸಮಿತಿಯ ಆಯ್ಕೆ ನಡೆದಾಗ ಉಳಿದಿದ್ದವರು 31 ಜನ. ‘ಐವತ್ತು ದಾಟಿತ್ತು, ಸಾಕು’ ಎಂಬುದು ಕಾರ್ಯದರ್ಶಿಯವರ ವಾದ. ‘212ರಲ್ಲಿ ಮೂರನೇ ಒಂದು ಅಂದರೆ 71, ಸಭೆಯೇ ಅಸಿಂಧು’ ಎಂಬುದು ಹಿರಿಯ ಸದಸ್ಯರ ವಾದ. ಯಾರದು ಸರಿ?

ಉತ್ತರ: ಇಬ್ಬರ ಲೆಕ್ಕವೂ ಸರಿಯಲ್ಲ. ನಾನು ಓದುವಂತೆ ಆ ದಿನ ನಿಮಗೆ ಬೇಕಿದ್ದದ್ದು 47 ಜನ, ಇದ್ದದ್ದು 45. ಅಂದರೆ ಬೆಳಗ್ಗೆಯೂ ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ) ಇರಲಿಲ್ಲ, ಇಬ್ಬರು ಕಡಿಮೆ ಬಿದ್ದರು. ಊಟದ ಮೇಲಂತೂ ಪ್ರಶ್ನೆಯೇ ಇಲ್ಲ. ಆದರೆ ಈ ಸಂಖ್ಯೆಗೆ ಬರುವ ದಾರಿಯಲ್ಲಿ ಎರಡು ಕಡೆ ವಿವೇಕವಂತರು ಬೇರೆ ತೀರ್ಮಾನಕ್ಕೆ ಬರಬಹುದು. ಆದ್ದರಿಂದ ಉತ್ತರಕ್ಕಿಂತ ದಾರಿಯನ್ನು ಗಮನವಿಟ್ಟು ನೋಡಿ.

ಮೊದಲು, ಕೋರಂ ಯಾರಿಗಾಗಿ ಇದೆ ಎಂಬುದನ್ನು ಕೇಳಿಕೊಳ್ಳಬೇಕು. ಸಭೆಗೆ ಬಂದವರಿಗೆ ಮಾತಿದೆ, ಮತವಿದೆ. ಅವರನ್ನು ಕಾಯಲು ಬೇರೆ ನಿಯಮ ಬೇಕಿಲ್ಲ. ಕೋರಂ ಇರುವುದು ಬರದವರಿಗಾಗಿ. ನಾಲ್ಕು ಜನ ಕೂತು ಇನ್ನೂರು ಜನರ ಮೇಲೆ ಚಂದಾ ಹೇರಬಾರದು, ಅವರ ಹೆಸರಿನಲ್ಲಿ ಸಮಿತಿ ಮಾಡಿಕೊಳ್ಳಬಾರದು ಎಂಬುದಷ್ಟೇ ಅದರ ಉದ್ದೇಶ. ಹಾಗಾಗಿ ಬೈಲಾದ ಸಾಲು ಎರಡು ಅರ್ಥ ಕೊಟ್ಟಾಗ, ಈ ಉದ್ದೇಶವನ್ನು ಉಳಿಸುವ ಅರ್ಥ ಯಾವುದೆಂದು ನೋಡಬೇಕು. ಈ ಸಲ ನಮ್ಮ ಕಡೆಯವರಿಗೆ ಯಾವುದು ಅನುಕೂಲ ಎಂದಲ್ಲ. ಬೈಲಾ ಶಾಸನವಲ್ಲ ಎಂಬುದೂ ನೆನಪಿರಲಿ. ಸಹಕಾರ ಸಂಘದ ಬೈಲಾಗಳ ಬಗ್ಗೆ ಸುಪ್ರೀಂ ಕೋರ್ಟ್ 1969ರಲ್ಲೇ, ಅವು ಕಂಪನಿಯ ಆಂತರಿಕ ನಿಯಮಾವಳಿಯಂಥವು, ಅವುಗಳಿಗೆ ಕಾನೂನಿನ ಬಲವಿಲ್ಲ ಎಂದು ಹೇಳಿದೆ. ಸದಸ್ಯರು ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದವೆಂದೇ ಅದನ್ನು ಓದಬೇಕು: ಒಪ್ಪಿಕೊಂಡಾಗ ಅವರ ಮನಸ್ಸಿನಲ್ಲಿ ಏನಿದ್ದಿರಬಹುದು ಎಂಬುದು ಮುಖ್ಯ.

ಈಗ ಆ ‘ಅಥವಾ’ಕ್ಕೆ ಬರೋಣ. ನಿಮ್ಮ ಜಗಳದ ಬೇರು ಅಲ್ಲಿದೆ. ಮೂರನೇ ಒಂದು ಭಾಗ ಅಥವಾ 50 ಎಂದವರು ‘ಯಾವುದು ಹೆಚ್ಚೋ ಅದು’ ಎಂದೋ ‘ಯಾವುದು ಕಡಿಮೆಯೋ ಅದು’ ಎಂದೋ ಮುಗಿಸಬೇಕಿತ್ತು. ನಮ್ಮ ಕಾನೂನುಗಳಲ್ಲಿ ಎರಡೂ ಬಗೆ ಉಂಟು. ಸಂವಿಧಾನದ 189ನೇ ವಿಧಿ ರಾಜ್ಯ ಶಾಸನಸಭೆಗಳಿಗೆ ಹತ್ತು ಸದಸ್ಯರು ಅಥವಾ ಒಟ್ಟು ಸಂಖ್ಯೆಯ ಹತ್ತನೇ ಒಂದು ಭಾಗ, ಇವೆರಡರಲ್ಲಿ ಹೆಚ್ಚಿನದು ಎನ್ನುತ್ತದೆ. ಆ ಸೂತ್ರದಂತೆ 75 ಸ್ಥಾನಗಳ ನಮ್ಮ ವಿಧಾನ ಪರಿಷತ್ತಿಗೆ 10 ಜನ ಬೇಕು, ಏಕೆಂದರೆ ಹತ್ತನೇ ಒಂದು ಭಾಗ ಹಿಡಿದರೆ ಎಂಟೇ ಆಗುತ್ತದೆ. ಗ್ರಾಮಸಭೆಗೆ ಬಂದರೆ ತದ್ವಿರುದ್ಧ: ಮತದಾರರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ಶಾಸನಸಭೆಯಲ್ಲಿ ಜನ ತೀರಾ ಕಡಿಮೆಯಾಗಬಾರದೆಂಬ ಕಾಳಜಿ, ಗ್ರಾಮಸಭೆಯಲ್ಲಿ ಸಭೆ ನಡೆಯದೇ ಹೋಗಬಾರದೆಂಬ ಕಾಳಜಿ.

ನಿಮ್ಮ ಬೈಲಾದಲ್ಲಿ ಆ ಕೊನೆಯ ತುಂಡು ಬಿಟ್ಟುಹೋಗಿದೆ. ಹೀಗಿದ್ದಾಗ ಒಂದೊಂದು ಅರ್ಥದಲ್ಲೂ ಪ್ರತಿ ಪದಕ್ಕೂ ಕೆಲಸ ಸಿಗುತ್ತದೆಯೇ ಎಂದು ಪರೀಕ್ಷಿಸುವುದುಂಟು. ಇಲ್ಲಿ ಆ ಪರೀಕ್ಷೆ ಕೈಕೊಡುತ್ತದೆ. ‘ಕಡಿಮೆಯದು’ ಎಂದು ಓದಿದರೆ 150 ಸದಸ್ಯರವರೆಗೆ ಮೂರನೇ ಒಂದು ಭಾಗ ಕೆಲಸ ಮಾಡುತ್ತದೆ, ಅಲ್ಲಿಂದಾಚೆ 50 ಗರಿಷ್ಠ ಮಿತಿಯಾಗುತ್ತದೆ. ‘ಹೆಚ್ಚಿನದು’ ಎಂದು ಓದಿದರೆ 150ರವರೆಗೆ 50 ಕನಿಷ್ಠ ಮಿತಿ, ಆಮೇಲೆ ಮೂರನೇ ಒಂದು. ಎರಡರಲ್ಲೂ ಎರಡೂ ತುಂಡುಗಳಿಗೆ ಕೆಲಸವಿದೆ.

ನಾನು ‘ಕಡಿಮೆಯದು’ ಎಂಬ ಕಡೆಗೆ ವಾಲಲು ಎರಡು ಕಾರಣಗಳಿವೆ. ಇಂತಿಷ್ಟು ಅಥವಾ ಇಂತಿಷ್ಟು ಜನ ‘ಹಾಜರಿದ್ದಲ್ಲಿ ಕೋರಂ ಆಗತಕ್ಕದ್ದು’ ಎಂದಾಗ ಎರಡರಲ್ಲೊಂದು ಈಡೇರಿದರೆ ಸಾಕು ಎಂಬುದೇ ಕನ್ನಡದ ಸಹಜ ಅರ್ಥ. ಇನ್ನೊಂದು ಕಾರಣ ನಿಮ್ಮ ಪತ್ರದಲ್ಲೇ ಇದೆ. 1998ರಲ್ಲಿ ಸದಸ್ಯರಿದ್ದದ್ದು 84. ‘ಹೆಚ್ಚಿನದು’ ಎಂಬ ಉದ್ದೇಶವಿದ್ದಿದ್ದರೆ 84ರಲ್ಲಿ 50 ಜನ, ಅಂದರೆ ಸುಮಾರು ಶೇ 60ರಷ್ಟು ಸದಸ್ಯರು, ಪ್ರತಿ ಸಭೆಗೂ ಬರಬೇಕಿತ್ತು. ಆಗಿನ್ನೂ ಕಟ್ಟಿಕೊಳ್ಳುತ್ತಿದ್ದ ಸಂಘವೊಂದು ತನ್ನ ಮೇಲೆ ಅಂಥ ಷರತ್ತು ಹಾಕಿಕೊಂಡಿತೆಂದು ನಂಬುವುದು ಕಷ್ಟ. 28 ಜನ ಸಾಕು, ಮುಂದೆ ಬಡಾವಣೆ ಎಷ್ಟೇ ಬೆಳೆದರೂ 50ಕ್ಕಿಂತ ಹೆಚ್ಚು ಬೇಡ ಎಂದು ಬರೆದಿರುವ ಸಾಧ್ಯತೆಯೇ ಹೆಚ್ಚು.

ಇದನ್ನು ಖಚಿತಪಡಿಸಿಕೊಳ್ಳಲು ಹಳೆಯ ನಡಾವಳಿ ಪುಸ್ತಕಗಳನ್ನು ತೆಗೆಯಿರಿ. ‘ಕೋರಂ ಇತ್ತು’ ಎಂದು ಬರೆದ ಸಾಲುಗಳಿಂದ ಏನೂ ತಿಳಿಯುವುದಿಲ್ಲ. ಅದನ್ನು ಎಲ್ಲರೂ ಅಭ್ಯಾಸಬಲದಿಂದ ಬರೆಯುತ್ತಾರೆ. ಕೋರಂ ಇಲ್ಲವೆಂದು ಸಭೆ ಮುಂದೂಡಿದ ದಿನದ ನಡಾವಳಿ ಸಿಕ್ಕಿದರೆ ಅದಕ್ಕೆ ಬೆಲೆ ಹೆಚ್ಚು. ಅಂದು ಎಷ್ಟು ಜನರಿದ್ದರು, ಒಟ್ಟು ಸದಸ್ಯರೆಷ್ಟು ಎಂಬುದು ಗೊತ್ತಾದರೆ ಆಗಿನವರು ಈ ಸಾಲನ್ನು ಹೇಗೆ ಅರ್ಥಮಾಡಿಕೊಂಡಿದ್ದರೆಂಬುದು ತಿಳಿಯುತ್ತದೆ. ಒಂದು ಎಚ್ಚರಿಕೆ: ಪದ್ಧತಿ ನೆರವಿಗೆ ಬರುವುದು ಸಾಲು ಅಸ್ಪಷ್ಟವಾಗಿದ್ದಾಗ ಮಾತ್ರ. ಸ್ಪಷ್ಟವಾಗಿರುವ ನಿಯಮವನ್ನು ಇಪ್ಪತ್ತು ವರ್ಷ ಮುರಿದುಕೊಂಡು ಬಂದರೂ ಆ ಮುರಿದದ್ದೇ ನಿಯಮವಾಗುವುದಿಲ್ಲ.

ಮುಂದಿನದು ‘ಒಟ್ಟು ಸದಸ್ಯರು’. ತೀರಿಕೊಂಡ 9 ಜನರ ವಿಷಯದಲ್ಲಿ ಗೊಂದಲ ಬೇಡ, ಸಾವಿನೊಂದಿಗೆ ಸದಸ್ಯತ್ವ ಮುಗಿಯುತ್ತದೆ. ಪುಸ್ತಕದಿಂದ ಹೆಸರು ತೆಗೆಯದಿದ್ದದ್ದು ಕಚೇರಿಯ ಲೋಪ, ಅಷ್ಟೇ. ಆಜೀವ ಸದಸ್ಯರಾಗಿದ್ದರೂ ಹಾಗೆಯೇ. ಉಳಿದವರು 203.

ಬಾಕಿದಾರರದ್ದು ನಿಜವಾಗಿಯೂ ಕಷ್ಟದ ಪ್ರಶ್ನೆ. ಇಡೀ ಸಭೆಯ ಅಳಿವು ಉಳಿವು ಇದರ ಮೇಲಿದೆ. ನಿಮ್ಮ ಬೈಲಾ ಅವರಿಗೆ ಮತವಿಲ್ಲ ಎಂದಿದೆಯೇ ಹೊರತು ಅವರು ಸದಸ್ಯರಲ್ಲ ಎಂದಿಲ್ಲ. ಕೇಂದ್ರದ 1860ರ ಸಂಘಗಳ ನೋಂದಣಿ ಕಾಯ್ದೆಯ 15ನೇ ಕಲಂ ಇಲ್ಲಿ ಹೋಲಿಕೆಗೆ ಒದಗುತ್ತದೆ: ಮೂರು ತಿಂಗಳಿಗೆ ಮೀರಿ ಚಂದಾ ಬಾಕಿ ಇರುವವರು ಮತ ಹಾಕುವಂತಿಲ್ಲ, ಸದಸ್ಯರೆಂದು ಲೆಕ್ಕಕ್ಕೆ ಬರುವಂತೆಯೂ ಇಲ್ಲ ಎಂದು ಅದು ಎರಡನ್ನೂ ಹೇಳುತ್ತದೆ. ನಮ್ಮ ರಾಜ್ಯಕ್ಕೆ 1960ರ ತನ್ನದೇ ಕಾಯ್ದೆ ಇರುವುದರಿಂದ ಕೇಂದ್ರದ ಕಲಂ ನಿಮಗೆ ನೇರವಾಗಿ ಅನ್ವಯಿಸದು. ರಾಜ್ಯದ ಕಾಯ್ದೆಯ ಪ್ರತಿಯನ್ನೇ ತರಿಸಿಕೊಂಡು ‘ಸದಸ್ಯ’ ಎಂಬುದರ ವ್ಯಾಖ್ಯೆಯನ್ನು ಬೈಲಾದ ಜೊತೆಗಿಟ್ಟು ಓದಿ. ಮತದ ಬಗ್ಗೆ ಮಾತ್ರ ಹೇಳಿ ಲೆಕ್ಕದ ಬಗ್ಗೆ ಸುಮ್ಮನಿದ್ದಾರೆ, ಆದ್ದರಿಂದ ಬಾಕಿದಾರರೂ ಕೋರಂಗೆ ಸೇರುತ್ತಾರೆ ಎಂದು ಒಬ್ಬ ವಕೀಲರು ವಾದಿಸಿದರೆ ಅದನ್ನು ಹುರುಳಿಲ್ಲದ ವಾದವೆಂದು ತಳ್ಳಿಹಾಕಲಾಗದು.

ಆದರೂ ನಾನು ಅದನ್ನು ಒಪ್ಪುವುದಿಲ್ಲ. ಕೋರಂ ಎಂದರೆ ಸಂಘದ ಪರವಾಗಿ ನಿರ್ಣಯ ಮಾಡಲು ಸಮರ್ಥರಾದವರ ಕನಿಷ್ಠ ಸಂಖ್ಯೆ. ಮತವೇ ಇಲ್ಲದವರನ್ನು ಕೂರಿಸಿ ಆ ಸಂಖ್ಯೆ ತುಂಬಿಸಿದರೆ ಬರದ ಸದಸ್ಯರಿಗೆ ಸಿಗಬೇಕಾದ ರಕ್ಷಣೆ ಸಿಗುವುದಿಲ್ಲ. ಕಂಪನಿಗಳಲ್ಲೂ, ಒಂದು ವಿಷಯದಲ್ಲಿ ಸ್ವಂತ ಹಿತಾಸಕ್ತಿ ಇರುವ ನಿರ್ದೇಶಕರನ್ನು ಆ ವಿಷಯದ ಮಟ್ಟಿಗೆ ಮಂಡಳಿಯ ಕೋರಂಗೆ ಎಣಿಸದಿರುವುದೇ ಸಾಮಾನ್ಯ ನಿಯಮ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬಾಕಿದಾರರನ್ನು ಸೇರಿಸುವುದಾದರೆ ಎರಡೂ ಕಡೆ ಸೇರಿಸಿ, ಬಿಡುವುದಾದರೆ ಎರಡೂ ಕಡೆ ಬಿಡಿ. ‘ಒಟ್ಟು’ ಲೆಕ್ಕ ಹಾಕುವಾಗ 64 ಜನರನ್ನು ಕಳೆದು, ‘ಹಾಜರಿ’ ಎಣಿಸುವಾಗ 6 ಜನರನ್ನು ಮೆಲ್ಲಗೆ ಸೇರಿಸಿಕೊಳ್ಳುವುದು ಎಷ್ಟೋ ಸಂಘಗಳಲ್ಲಿ ನಡೆಯುತ್ತದೆ. ಅದು ಅನ್ಯಾಯ. ಎರಡೂ ಕಡೆ ಸೇರಿಸಿದರೆ ನಿಮ್ಮಲ್ಲಿ 203ರ ಮೂರನೇ ಒಂದು ಭಾಗ 68, ಕಡಿಮೆಯದು 50, ಹಾಜರಿದ್ದವರು 51. ಊಟದವರೆಗೆ ಸಭೆ ಉಳಿಯುತ್ತದೆ. ಎರಡೂ ಕಡೆ ಬಿಟ್ಟರೆ 139ರ ಮೂರನೇ ಒಂದು ಭಾಗ 46 ಚಿಲ್ಲರೆ, ಹಾಜರಿದ್ದವರು 45, ಸಭೆ ಬೀಳುತ್ತದೆ.

ಆ ಚಿಲ್ಲರೆಯನ್ನು ಮೇಲಕ್ಕೇ ಏರಿಸಬೇಕು. ಲೋಕಸಭೆಯ 543ರ ಹತ್ತನೇ ಒಂದು ಭಾಗ 54.3, ಕೋರಂ 55. ಕಂಪನಿ ಕಾಯ್ದೆ, 2013ರ 174ನೇ ಕಲಂ ಕೂಡ ಭಿನ್ನಾಂಶ ಬಂದರೆ ಒಂದೆಂದು ಹಿಡಿಯಿರಿ ಎನ್ನುತ್ತದೆ. 46 ಜನರಾದರೆ ಮೂರನೇ ಒಂದು ಭಾಗ ಪೂರ್ತಿಯಾಗುವುದಿಲ್ಲ, 47 ಬೇಕು. ನಿಮಗೆ 46 ಸಾಕಿದ್ದಿದ್ದರೂ ಒಬ್ಬರು ಕಡಿಮೆಯೇ.

ಅಧಿಕಾರ ಪತ್ರದ 7 ಸಹಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೈಲಾ ಪ್ರಾಕ್ಸಿಗೆ ಅವಕಾಶ ಕೊಟ್ಟಿಲ್ಲದಿದ್ದರೆ ಅದು ಸದಸ್ಯರ ಹಕ್ಕಲ್ಲ. ಪ್ರಾಕ್ಸಿಗೆ ಅವಕಾಶವಿರುವ ಕಂಪನಿಗಳಲ್ಲೂ 103ನೇ ಕಲಂ ಕೋರಂಗೆ ‘ಖುದ್ದು ಹಾಜರಿ’ಯನ್ನೇ ಕೇಳುತ್ತದೆ. ಒಂದೇ ಸದಸ್ಯತ್ವಕ್ಕೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿದ್ದಾರೆಯೇ ಎಂದೂ ನೋಡಿ. ಅವೆರಡನ್ನೂ ಒಂದೇ ಎಂದು ಎಣಿಸಬೇಕು.

‘ಹಾಗಾದರೆ ಅರ್ಧ ಗಂಟೆಯ ನಿಯಮವಿದೆಯಲ್ಲ’ ಎಂದು ಕಾರ್ಯದರ್ಶಿಯವರು ಈಗ ಹೇಳಬಹುದು. ನಮ್ಮಲ್ಲಿ ಹೆಚ್ಚಿನ ಸಂಘಗಳ ಸಭಾ ಸೂಚನಾ ಪತ್ರದ ಕೊನೆಯಲ್ಲಿ ‘ಕೋರಂ ಇಲ್ಲದಿದ್ದಲ್ಲಿ ಅದೇ ಸ್ಥಳದಲ್ಲಿ ಅರ್ಧ ಗಂಟೆಯ ನಂತರ ಸಭೆ ಸೇರಲಾಗುವುದು’ ಎಂಬ ಸಾಲು ಇದ್ದೇ ಇರುತ್ತದೆ. ಆದರೆ ಆ ನಿಯಮ ತಾನಾಗಿ ಜಾರಿಗೆ ಬರುವುದಿಲ್ಲ. ಅಧ್ಯಕ್ಷರು ತಲೆ ಎಣಿಸಿ, ಕೋರಂ ಇಲ್ಲವೆಂದು ಸಭೆಗೆ ತಿಳಿಸಿ, ಮುಂದೂಡಿ, ಅರ್ಧ ಗಂಟೆ ಕಳೆದ ಮೇಲೆ ಮತ್ತೆ ಆರಂಭಿಸಬೇಕು. ಎರಡೂ ಸಮಯಗಳು ನಡಾವಳಿಯಲ್ಲಿ ದಾಖಲಾಗಬೇಕು. ನಿಮ್ಮಲ್ಲಿ ಕೋರಂ ಇದೆಯೆಂದೇ ನಂಬಿ ಸಭೆ ನಡೆಸಿದ್ದಾರೆ. ನಡೆಯದ ಮುಂದೂಡಿಕೆಯನ್ನು ತಿಂಗಳುಗಳ ನಂತರ ನಡೆದಿತ್ತೆಂದು ಹೇಳಲಾಗದು, ನಡಾವಳಿಯಲ್ಲಿ ಸೇರಿಸುವುದಂತೂ ಸಲ್ಲದು. ಅದು ದಾಖಲೆ ತಿದ್ದಿದ ಅಪರಾಧವಾದೀತು.

ಈ ಅರ್ಧ ಗಂಟೆಯ ನಿಯಮವೇ ನನಗೆ ಸರಿಕಾಣುವುದಿಲ್ಲ. ಬೈಲಾದಲ್ಲಿರುವ ತನಕ ಅದು ಸಿಂಧು, ನಿಜ. ಆದರೆ ಮನೆಯಲ್ಲಿರುವ ಸದಸ್ಯರಿಗೆ ಸಭೆ ಮುಂದಕ್ಕೆ ಹೋದದ್ದು ತಿಳಿಯುವುದರೊಳಗೆ ನಿರ್ಣಯಗಳು ಮುಗಿದಿರುತ್ತವೆ. ಕಂಪನಿ ಕಾಯ್ದೆಯಲ್ಲೂ ಅರ್ಧ ಗಂಟೆಯ ಮಾತಿದೆ, ಆದರೆ ಅದು ಕಾಯುವ ಅವಧಿ. ಅಷ್ಟರಲ್ಲಿ ಕೋರಂ ಆಗದಿದ್ದರೆ ಸಭೆ ಮುಂದಿನ ವಾರ ಅದೇ ದಿನಕ್ಕೆ, ಅದೇ ಹೊತ್ತಿಗೆ ಹೋಗುತ್ತದೆ. ಆ ಸಭೆಯಲ್ಲೂ ಅರ್ಧ ಗಂಟೆಯೊಳಗೆ ಕೋರಂ ಆಗದಿದ್ದರೆ ಬಂದವರೇ ಕೋರಂ. ನಡುವಿನ ಆ ಒಂದು ವಾರವೇ ಬರದವರಿಗೆ ಸಿಗುವ ಎರಡನೇ ಅವಕಾಶ.

ಇನ್ನು ಊಟದ ನಂತರದ 31 ಜನ. ಕೋರಂ ಆರಂಭದಲ್ಲಿದ್ದರೆ ಸಾಕೇ, ಕೊನೆತನಕ ಬೇಕೇ ಎಂಬುದರಲ್ಲಿ ಎರಡು ಸಂಪ್ರದಾಯಗಳಿವೆ. ‘ಸಭೆ ಕಲಾಪಕ್ಕೆ ತೊಡಗುವ ಹೊತ್ತಿಗೆ’ ಕೋರಂ ಇರಬೇಕು ಎಂದು ನಿಯಮಾವಳಿಯಲ್ಲೇ ಬರೆದಿದ್ದ ಒಂದು ಕಂಪನಿಯ ಪ್ರಕರಣದಲ್ಲಿ, ಆರಂಭದಲ್ಲಿದ್ದರೆ ಸಾಕು ಎಂದು ಇಂಗ್ಲೆಂಡಿನ ನ್ಯಾಯಾಲಯ 1950ರ ದಶಕದಲ್ಲಿ ತೀರ್ಪಿತ್ತಿದೆ. ಸಂಸತ್ತಿನಲ್ಲಿ ಹಾಗಲ್ಲ. ಸಂವಿಧಾನದ 100ನೇ ವಿಧಿಯ ಪ್ರಕಾರ ಕಲಾಪದ ಯಾವ ಹೊತ್ತಿನಲ್ಲಿ ಕೋರಂ ತಪ್ಪಿದರೂ ಸದನವನ್ನು ಮುಂದೂಡುವುದು ಅಥವಾ ಕೋರಂ ಆಗುವವರೆಗೆ ನಿಲ್ಲಿಸುವುದು ಸಭಾಪತಿಯ ಕರ್ತವ್ಯ. ಸದಸ್ಯರೊಬ್ಬರು ಎದ್ದು ಗಮನ ಸೆಳೆದರೆ ಕೋರಂ ಗಂಟೆ ಬಾರಿಸುತ್ತಾರೆ. ನಿಮ್ಮ ಬೈಲಾದಲ್ಲಿ ‘ತೊಡಗುವ ಹೊತ್ತಿಗೆ’ ಎಂಬಂಥ ಮಾತಿಲ್ಲ, ಬರೀ ‘ಹಾಜರಿದ್ದಲ್ಲಿ’ ಎಂದಿದೆ. ಬೈಲಾ ತಿದ್ದುಪಡಿ, ಸಮಿತಿಯ ಆಯ್ಕೆ ಎರಡೂ ಸಂಘದ ಬುಡಕ್ಕೆ ಸಂಬಂಧಿಸಿದವು. ಅವುಗಳ ಮತ ಎಣಿಸುವ ಹೊತ್ತಿಗೆ ಕೋರಂ ಬೇಡವೆಂದರೆ ಕೋರಂಗೆ ಅರ್ಥ ಉಳಿಯುವುದಿಲ್ಲ. ಬೆಳಗ್ಗೆಯ ಸಭೆ ಊರ್ಜಿತವೆಂದು ಹಿಡಿದರೂ ಊಟದ ನಂತರದ ಎರಡು ನಿರ್ಣಯಗಳನ್ನು ನಾನು ಊರ್ಜಿತವೆನ್ನಲಾರೆ. ತಿದ್ದುಪಡಿಗಂತೂ ಕೋರಂ ಒಂದೇ ಸಾಲದು, ಕಾಯ್ದೆ ಕೇಳುವ ವಿಶೇಷ ಬಹುಮತವೂ ಬೇಕು. ಅದನ್ನೂ ಸೇರಿಸಿಯೇ ಪರೀಕ್ಷಿಸಿ.

ಯಾರು ತೀರ್ಮಾನಿಸಬೇಕು? ಕೆಲವು ಬೈಲಾಗಳಲ್ಲಿ ‘ಈ ನಿಯಮಗಳ ಅರ್ಥದ ಬಗ್ಗೆ ಕಾರ್ಯಕಾರಿ ಸಮಿತಿಯ ತೀರ್ಮಾನವೇ ಅಂತಿಮ’ ಎಂಬ ಸಾಲಿರುತ್ತದೆ. ನಿಮ್ಮಲ್ಲಿದ್ದರೂ ಈಗ ಅದನ್ನು ಬಳಸಬೇಡಿ. ತಮ್ಮದೇ ಆಯ್ಕೆ ಸಿಂಧುವೇ ಎಂಬುದನ್ನು ಆಯ್ಕೆಯಾದವರೇ ತೀರ್ಮಾನಿಸುವಂತಿಲ್ಲ. ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗೆ ರಾಜ್ಯದ 1960ರ ಕಾಯ್ದೆಯ 25ನೇ ಕಲಂನಡಿ ಸಂಘದ ವ್ಯವಹಾರಗಳ ವಿಚಾರಣೆ ನಡೆಸುವ ಅಧಿಕಾರವಿದೆ. ಆದರೆ ಚುನಾವಣೆ ಸಿಂಧುವೋ ಅಲ್ಲವೋ ಎಂಬ ವ್ಯಾಜ್ಯ ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯಕ್ಕೇ ಹೋಗುತ್ತದೆ, ಅಲ್ಲಿ ವರ್ಷಗಳು ಉರುಳುತ್ತವೆ. ಅಷ್ಟರಲ್ಲಿ ಊರ್ಜಿತ ಸಮಿತಿಯೇ ಇಲ್ಲವೆಂದಾದರೆ ಅದೇ ಕಾಯ್ದೆಯ 27ಎ ಕಲಂನಡಿ ಆಡಳಿತಾಧಿಕಾರಿ ಬಂದು ಕೂರಬಹುದು. ಬಡಾವಣೆಯ ಉದ್ಯಾನ, ಬೀದಿದೀಪ ನೋಡಿಕೊಳ್ಳಲು ಕಟ್ಟಿದ ಸಂಘಕ್ಕೆ ಆ ಗತಿ ಬರಬಾರದು.

ನನ್ನ ಸಲಹೆ ಸರಳ: ವಾದ ಗೆಲ್ಲುವುದನ್ನು ಬಿಟ್ಟು ಸಭೆಯನ್ನು ಮತ್ತೊಮ್ಮೆ ಸರಿಯಾಗಿ ನಡೆಸಿ. ಹಳೆಯ ಸಮಿತಿ, ಹೊಸ ಸಮಿತಿ ಇಬ್ಬರೂ ಸಹಿ ಹಾಕಿ ವಿಶೇಷ ಸರ್ವಸದಸ್ಯರ ಸಭೆ ಕರೆಯಲಿ. ಆಗ ಕರೆದವರಿಗೆ ಅಧಿಕಾರವಿತ್ತೇ ಎಂಬ ಹೊಸ ತಕರಾರು ಏಳುವುದಿಲ್ಲ. ನಾಲ್ಕು ನಿರ್ಣಯಗಳನ್ನೂ ಸೂಚನಾ ಪತ್ರದಲ್ಲಿ ಒಂದೊಂದಾಗಿ ಬರೆಯಿರಿ. ‘ಇತರೆ ವಿಷಯಗಳು’ ಎಂಬುದರೊಳಗೆ ಯಾವುದನ್ನೂ ತುರುಕಬೇಡಿ. ಬಾಕಿದಾರರಿಗೆ ಬಾಕಿ ಎಷ್ಟು, ಯಾವ ದಿನದೊಳಗೆ ಕಟ್ಟಿದರೆ ಮತ ಸಿಗುತ್ತದೆ ಎಂಬುದನ್ನು ಅದರಲ್ಲೇ ತಿಳಿಸಿ, ಅರ್ಹ ಸದಸ್ಯರ ಪಟ್ಟಿಯನ್ನು ಸಭೆಗೆ ಮೊದಲೇ ಸೂಚನಾ ಫಲಕದಲ್ಲಿ ಹಾಕಿ. ನಿಮಗೆ ಬೇಕಿರುವುದು ಯಾವ ಲೆಕ್ಕದಲ್ಲೂ ಪ್ರಶ್ನೆ ಏಳದಷ್ಟು ಹಾಜರಿ. ಹಿರಿಯರು ಹೇಳುವ 71ನ್ನೇ ಗುರಿಯಾಗಿಟ್ಟುಕೊಂಡು ಮನೆಮನೆಗೆ ಹೋಗಿ ಕರೆಯಿರಿ.

ಆ ಸಭೆಯಲ್ಲಿ ಲೆಕ್ಕಪತ್ರ, ಚಂದಾ ಏರಿಕೆಗಳನ್ನು ಸ್ಥಿರೀಕರಿಸಬಹುದು. ಸೂಚನೆ ಸರಿಯಾಗಿ ತಲುಪದೆ ಅಸಿಂಧುವಾಗಿದ್ದ ಮಂಡಳಿ ಸಭೆಯ ತೀರ್ಮಾನವನ್ನು ನಂತರದ ಕ್ರಮಬದ್ಧ ಸಭೆ ಒಪ್ಪಿದಾಗ, ಆ ಒಪ್ಪಿಗೆ ಮೂಲ ದಿನದಿಂದಲೇ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1973ರಲ್ಲಿ ಹೇಳಿದೆ. ಅದು ಸೂಚನೆಯ ದೋಷದ ಪ್ರಕರಣವಾದರೂ ತತ್ವ ಇಲ್ಲಿಗೂ ಒಪ್ಪುತ್ತದೆಂದು ನನ್ನ ಅಭಿಪ್ರಾಯ. ಆಯ್ಕೆ ಮತ್ತು ತಿದ್ದುಪಡಿಯನ್ನು ಮಾತ್ರ ಸ್ಥಿರೀಕರಿಸಲು ಹೋಗಬೇಡಿ, ಹೊಸದಾಗಿಯೇ ಮಾಡಿ. ಅಂದು ಸ್ಪರ್ಧಿಸಲು ಬಯಸಿ ಮನೆಗೆ ಹೋಗಿದ್ದವರಿಗೆ ಹಿಂದಿನ ದಿನಾಂಕದ ಒಪ್ಪಿಗೆಯಿಂದ ನ್ಯಾಯ ಸಿಗುವುದಿಲ್ಲ.

ತಿದ್ದುಪಡಿ ಹೇಗೂ ಮಾಡುತ್ತಿರುವುದರಿಂದ ಕೋರಂ ಸಾಲನ್ನೂ ಆಗಲೇ ಸರಿಪಡಿಸಿಕೊಳ್ಳಿ. ಈ ಕರಡನ್ನು ಚರ್ಚೆಗಿಡಬಹುದು: ‘ಸಭೆಯ ದಿನಾಂಕದಂದು ಮತದಾನದ ಹಕ್ಕುಳ್ಳ ಸದಸ್ಯರ ಮೂರನೇ ಒಂದು ಭಾಗ ಅಥವಾ 50 ಸದಸ್ಯರು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರು ಖುದ್ದಾಗಿ ಹಾಜರಿದ್ದಲ್ಲಿ ಕೋರಂ ಆಗತಕ್ಕದ್ದು. ಭಿನ್ನಾಂಶ ಬಂದಲ್ಲಿ ಒಂದೆಂದು ಎಣಿಸತಕ್ಕದ್ದು. ಪ್ರತಿ ನಿರ್ಣಯವನ್ನು ಮತಕ್ಕೆ ಹಾಕುವಾಗಲೂ ಕೋರಂ ಇರತಕ್ಕದ್ದು. ನಿಗದಿತ ವೇಳೆಯಿಂದ ಅರ್ಧ ಗಂಟೆಯೊಳಗೆ ಕೋರಂ ಆಗದಿದ್ದಲ್ಲಿ ಸಭೆಯನ್ನು ಏಳು ದಿನಗಳ ನಂತರಕ್ಕೆ ಮುಂದೂಡಿ ಎಲ್ಲ ಸದಸ್ಯರಿಗೆ ತಿಳಿಸತಕ್ಕದ್ದು. ಆ ಸಭೆಯಲ್ಲಿ ಹಾಜರಿದ್ದವರೇ ಕೋರಂ ಆಗತಕ್ಕದ್ದು, ಆದರೆ ಬೈಲಾ ತಿದ್ದುಪಡಿ ಮತ್ತು ಸಮಿತಿಯ ಆಯ್ಕೆಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.’ ‘ಆದರೆ’ ಎಂದು ಶುರುವಾಗುವ ಆ ಕೊನೆಯ ಷರತ್ತು ಬೇಕೇ ಬೇಡವೇ ಎಂಬುದನ್ನು ನಿಮ್ಮ ಸದಸ್ಯರು ಯೋಚಿಸಲಿ. ಜನ ಬರುವುದೇ ಕಡಿಮೆಯಿರುವ ಸಂಘಗಳಲ್ಲಿ ಅದರಿಂದ ಆಯ್ಕೆಯೇ ನಿಂತುಹೋಗುವ ಅಪಾಯವೂ ಉಂಟು.

ಇದನ್ನು ಓದುತ್ತಿರುವ ಅಪಾರ್ಟ್‌ಮೆಂಟ್ ಮಾಲೀಕರಿಗೆ ಒಂದು ಮಾತು. ನಿಮ್ಮ ಸಂಘ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಬಂದಿದ್ದರೆ ಮೇಲಿನ ತಲೆಯೆಣಿಕೆ ಹಾಗೇ ಹೊಂದುವುದಿಲ್ಲ. ಅಲ್ಲಿ ‘ಬಹುಮತ’ ಎಂದರೆ ಘೋಷಣಾ ಪತ್ರದಲ್ಲಿ ಮತಕ್ಕೆಂದು ಪ್ರತಿ ಮನೆಗೆ ಹಂಚಿದ ಶೇಕಡಾವಾರು ಲೆಕ್ಕದಲ್ಲಿ 51 ಅಥವಾ ಹೆಚ್ಚು. ನಿಮ್ಮ ಬೈಲಾದ ಕೋರಂ ಸಾಲಿನಲ್ಲಿ ‘ಬಹುಮತ’ ಎಂಬ ಪದವಿದ್ದರೆ ಮೊದಲು ಆ ಘೋಷಣಾ ಪತ್ರವನ್ನು ತೆರೆಯಿರಿ.

ಹೊಸ ದರದಲ್ಲಿ ಈಗಾಗಲೇ ಚಂದಾ ಕಟ್ಟಿದವರ ಹಣವೇನು ಎಂದು ನಿಮ್ಮ ಖಜಾಂಚಿಯವರು ಖಂಡಿತ ಕೇಳುತ್ತಾರೆ. ವಿಶೇಷ ಸಭೆಯ ತನಕ ಹಳೆಯ ದರವನ್ನೇ ಕಡ್ಡಾಯವೆಂದು ವಸೂಲು ಮಾಡಿ. ಹೆಚ್ಚಿಗೆ ಬಂದದ್ದನ್ನು ಆಯಾ ಸದಸ್ಯರ ಹೆಸರಿನಲ್ಲಿ ಮುಂಗಡವೆಂದು ಜಮಾ ತೋರಿಸಿ, ಖರ್ಚು ಮಾಡದೆ ಇಡಿ. ಹೊಸ ದರ ಕಟ್ಟಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಬಾಕಿದಾರರ ಪಟ್ಟಿಗೆ ಸೇರಿಸಬೇಡಿ. ಸೇರಿಸಿದರೆ ಮುಂದಿನ ಸಭೆಯ ಅರ್ಹರ ಪಟ್ಟಿಯೇ ತಪ್ಪಾಗಿ, ಕೋರಂ ಲೆಕ್ಕ ಮತ್ತೆ ಕೆಡುತ್ತದೆ.